ತರಗತಿಯ ಜಾಲದಲ್ಲಿ ಕೊನೆಯ ಮನೆ: 9ನೇ ತರಗತಿಯ ‘ಶಬ್ದ’ ಪಾಠದ ಅಭ್ಯಾಸ ಬೋಧನೆಯಿಂದ ಕಲಿತದ್ದು

ಪ್ರಸ್ತಾವನೆ

ಬಿ.ಇಡಿ. ವ್ಯಾಸಂಗದಲ್ಲಿ ನಾವು ಮಾಹಿತಿ ಸಂವಹನ ತಂತ್ರಜ್ಞಾನವನ್ನು ಒಂದು ಪತ್ರಿಕೆಯಾಗಿ ಓದುತ್ತೇವೆ, ಸಮನ್ವಯ ಶಿಕ್ಷಣವನ್ನು ಇನ್ನೊಂದು ಪತ್ರಿಕೆಯಾಗಿ ಓದುತ್ತೇವೆ. ಎರಡು ವರ್ಷದ ಬಿ.ಇಡಿ.ಗೆ ಎನ್‌ಸಿಟಿಇ 2014ರಲ್ಲಿ ಕೊಟ್ಟ ಚೌಕಟ್ಟಿನಲ್ಲಿಯೇ ಇವೆರಡೂ ಬೇರೆ ಬೇರೆಯಾಗಿವೆ. ಮೊದಲನೆಯದಕ್ಕೆ ನಾನು ಸ್ಲೈಡುಗಳನ್ನು ತಯಾರಿಸಿದೆ. ಎರಡನೆಯದಕ್ಕೆ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿರುವ 21 ಬಗೆಯ ಅಂಗವೈಕಲ್ಯಗಳ ಪಟ್ಟಿಯನ್ನು ಬಾಯಿಪಾಠ ಮಾಡಿದೆ. ಎರಡೂ ವಹಿಗಳು ಹಿಂದವಾಡಿಯ ನನ್ನ ಕೋಣೆಯ ಮೇಜಿನ ಮೇಲೆ ಅಕ್ಕಪಕ್ಕದಲ್ಲೇ ಇದ್ದವು. ಒಂದರಲ್ಲಿ ಬರೆದದ್ದು ಇನ್ನೊಂದಕ್ಕೆ ಸಂಬಂಧಿಸಿದ್ದು ಎಂದು ನನಗೆ ಹೊಳೆದಿರಲಿಲ್ಲ.

ಅದು ಹೊಳೆದದ್ದು ಖಾನಾಪುರ ತಾಲ್ಲೂಕಿನ ಒಂದು ಕನ್ನಡ ಮಾಧ್ಯಮ ಪ್ರೌಢಶಾಲೆಗೆ ಅಭ್ಯಾಸ ಬೋಧನೆಗೆ ಹೋದಾಗ. ಅಲ್ಲಿ 9ನೇ ತರಗತಿಗೆ ವಿಜ್ಞಾನದ ‘ಶಬ್ದ’ ಪಾಠ ಮಾಡುವಾಗ ನಾನು ಮಾಡಿದ ತಪ್ಪುಗಳನ್ನೂ ಅವುಗಳನ್ನು ತಿದ್ದಿಕೊಂಡ ಬಗೆಯನ್ನೂ ಈ ಲೇಖನದಲ್ಲಿ ಹೇಳುತ್ತೇನೆ. ನಮ್ಮ ಪಾಠಯೋಜನೆಯ ನಮೂನೆಗೆ ಒಂದು ಸಣ್ಣ ಸೇರ್ಪಡೆಯನ್ನು ಪ್ರಾಧ್ಯಾಪಕರ ಮುಂದಿಡುವುದೂ ಇದರ ಉದ್ದೇಶ.

1. ಜಾಲಾಧಾರಿತ ಕಲಿಕೆ ಎಂದರೇನು?

‘ಜಾಲಾಧಾರಿತ ಕಲಿಕೆ’ ಎಂದೊಡನೆ ಇಂಟರ್ನೆಟ್, ವಿಡಿಯೊ, ಆನ್‌ಲೈನ್ ತರಗತಿ ನೆನಪಾಗುತ್ತವೆ. ಆದರೆ ಈ ಪರಿಕಲ್ಪನೆಯನ್ನು ಬೆಳೆಸಿದ ಪೀಟರ್ ಗುಡ್‌ಇಯರ್ ಮೊದಲಾದ ಶಿಕ್ಷಣ ಸಂಶೋಧಕರು ಉಪಕರಣಕ್ಕಿಂತ ಸಂಬಂಧಕ್ಕೆ ಒತ್ತು ಕೊಟ್ಟಿದ್ದಾರೆ. ಕಲಿಯುವವರ ನಡುವೆ, ಕಲಿಯುವವರು ಮತ್ತು ಕಲಿಸುವವರ ನಡುವೆ, ಕಲಿಯುವ ಸಮುದಾಯ ಮತ್ತು ಅದರ ಕಲಿಕಾ ಸಾಮಗ್ರಿಗಳ ನಡುವೆ ಸಂಪರ್ಕ ಬೆಳೆಸಲು ತಂತ್ರಜ್ಞಾನವನ್ನು ಬಳಸುವುದು ಅವರ ವಿವರಣೆಯ ತಿರುಳು.

ಈ ವಿವರಣೆಯನ್ನು ಒಪ್ಪಿದರೆ ತರಗತಿಯಲ್ಲಿ ಕೇಳುವ ಪ್ರಶ್ನೆಯೇ ಬೇರೆಯಾಗುತ್ತದೆ. ಎಷ್ಟು ಮಕ್ಕಳಿಗೆ ವಿಡಿಯೊ ತಲುಪಿತು ಎಂದು ಕೇಳಿದರೆ ಸಾಲದು. ಯಾವ ಮಗುವಿನ ಮಾತು ಉಳಿದ ಮಕ್ಕಳಿಗೆ ತಲುಪಿತು, ಯಾರದ್ದು ತಲುಪಲಿಲ್ಲ ಎಂದೂ ಕೇಳಬೇಕಾಗುತ್ತದೆ.

2. ನಮ್ಮ ರಾಜ್ಯ ಕಂಡ ಪಾಠ

ಈ ಪ್ರಶ್ನೆ ಕರ್ನಾಟಕಕ್ಕೆ ಹೊಸದಲ್ಲ. 2020ರಲ್ಲಿ ಕೋವಿಡ್‌ನಿಂದ ಶಾಲೆಗಳು ಮುಚ್ಚಿದಾಗ ಇಡೀ ರಾಜ್ಯ ಇದನ್ನು ಎದುರಿಸಿತು. ಆ ವರ್ಷದ ಜೂನ್‌ನಲ್ಲಿ ಸರ್ಕಾರ ಕೆಳ ತರಗತಿಗಳ ಆನ್‌ಲೈನ್ ಬೋಧನೆಯನ್ನು ನಿರ್ಬಂಧಿಸಿತು. ಜುಲೈ 8ರಂದು ಹೈಕೋರ್ಟ್ ಆ ಆದೇಶಕ್ಕೆ ತಡೆ ನೀಡಿತು. ಜುಲೈ 20ರಿಂದ ಪ್ರೌಢಶಾಲಾ ಮಕ್ಕಳಿಗಾಗಿ ದೂರದರ್ಶನದ ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಗಳು ಆರಂಭವಾದವು. ಆಗಸ್ಟ್‌ನಲ್ಲಿ ‘ವಿದ್ಯಾಗಮ’ ಬಂತು. ಶಿಕ್ಷಕರೇ ಊರೂರಿಗೆ ಹೋಗಿ ಗುಡಿಯ ಕಟ್ಟೆ, ಸಮುದಾಯ ಭವನ, ಮರದ ನೆರಳಿನಲ್ಲಿ ಸಣ್ಣ ಗುಂಪುಗಳಿಗೆ ಪಾಠ ಹೇಳಿದರು. ಸೋಂಕಿನ ಆತಂಕದಿಂದ ಅಕ್ಟೋಬರ್‌ನಲ್ಲಿ ಅದು ನಿಂತಿತು. 2021ರ ಜನವರಿ 1ರಿಂದ ಪರಿಷ್ಕೃತ ರೂಪದಲ್ಲಿ ಮತ್ತೆ ನಡೆಯಿತು.

ವಿದ್ಯಾಗಮದ ಒಂದು ಹೆಜ್ಜೆ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಅಲ್ಲಿ ಮೊದಲು ಕೇಳಿದ್ದು, ಮಗುವಿನ ಮನೆಯಲ್ಲಿ ಏನಿದೆ ಎಂಬುದನ್ನು. ಸ್ಮಾರ್ಟ್‌ಫೋನ್ ಮತ್ತು ಇಂಟರ್ನೆಟ್ ಇರುವವರು, ಸಾದಾ ಮೊಬೈಲ್ ಇರುವವರು, ಏನೂ ಇಲ್ಲದವರು ಎಂದು ಗುರುತಿಸಿಕೊಂಡು ನಂತರ ಕಲಿಸುವ ದಾರಿಯನ್ನು ನಿರ್ಧರಿಸುವ ಯೋಚನೆ ಅದರಲ್ಲಿತ್ತು. ಈ ಪ್ರಶ್ನೆಗೆ ಕಾರಣವೂ ಇತ್ತು. 2017–18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ 75ನೇ ಸುತ್ತಿನ ಪ್ರಕಾರ ದೇಶದ ಗ್ರಾಮೀಣ ಮನೆಗಳಲ್ಲಿ ಇಂಟರ್ನೆಟ್ ಸೌಲಭ್ಯ ಇದ್ದದ್ದು ಶೇ. 15ರಷ್ಟಕ್ಕೆ, ನಗರದ ಮನೆಗಳಲ್ಲಿ ಶೇ. 42ರಷ್ಟಕ್ಕೆ ಮಾತ್ರ. ಅಂದಿನಿಂದ ಫೋನುಗಳು ಹೆಚ್ಚಿವೆ. ಆದರೂ ಮೊದಲು ಆ ಪ್ರಶ್ನೆ ಕೇಳುವ ಅಗತ್ಯ ಹೋಗಿಲ್ಲ. ನಾನು ಅದನ್ನು ಕೇಳದೆ ಪಾಠ ಆರಂಭಿಸಿದೆ.

3. ನನ್ನ ಮೊದಲ ಯೋಜನೆ

‘ಶಬ್ದ’ ಪಾಠದ ಪ್ರತಿಧ್ವನಿ ಭಾಗಕ್ಕೆ ನಾನು 5ಇ ಮಾದರಿಯಲ್ಲಿ ಯೋಜನೆ ಬರೆದಿದ್ದೆ. ತೊಡಗಿಸಿಕೊಳ್ಳುವ ಹಂತಕ್ಕೆ ಒಂದು ವಿಡಿಯೊ. ಅನ್ವೇಷಣೆಗೆ ಒಂದು ಮನೆಗೆಲಸ: ನಿಮ್ಮ ಊರಿನಲ್ಲಿ ಪ್ರತಿಧ್ವನಿ ಕೇಳುವ ಜಾಗ ಹುಡುಕಿ, ಚಪ್ಪಾಳೆ ತಟ್ಟಿ, ಫೋನಿನಲ್ಲಿ ರೆಕಾರ್ಡ್ ಮಾಡಿ ತರಗತಿಯ ವಾಟ್ಸ್‌ಆ್ಯಪ್ ಗುಂಪಿಗೆ ಕಳಿಸಿ. ಗುಂಪನ್ನು ನಾನೇ ಮಾಡಿದೆ. ಹಾಜರಿ ಪುಸ್ತಕದಲ್ಲಿದ್ದ ಪೋಷಕರ ನಂಬರುಗಳನ್ನೆಲ್ಲ ಒಂದೇ ಸಂಜೆಯಲ್ಲಿ ಸೇರಿಸಿಬಿಟ್ಟೆ. ಟಿಪ್ಪಣಿಗಳನ್ನು ಕರಿಹಲಗೆಯ ಫೋಟೊ ಮತ್ತು ಪಿಡಿಎಫ್ ರೂಪದಲ್ಲಿ ಹಾಕಿದೆ. ಪಾಠ ವೀಕ್ಷಿಸಿದ ನಮ್ಮ ಕಾಲೇಜಿನ ಮೇಲ್ವಿಚಾರಕರು ತಂತ್ರಜ್ಞಾನದ ಬಳಕೆಗೆ ಒಳ್ಳೆಯ ಅಂಕ ಕೊಟ್ಟರು.

ಒಂದು ವಾರದೊಳಗೆ ನಾಲ್ಕು ತೊಂದರೆಗಳು ಎದುರಾದವು.

(ಅ) ಸಂಪರ್ಕ. ಅರ್ಧಕ್ಕಿಂತ ತುಸು ಹೆಚ್ಚು ಮಕ್ಕಳಿಂದ ಮಾತ್ರ ರೆಕಾರ್ಡಿಂಗ್ ಬಂತು. ಉಳಿದವರು ಸೋಮಾರಿಗಳೆಂದು ನಾನು ಮೊದಲು ಭಾವಿಸಿದೆ. ವಿಚಾರಿಸಿದಾಗ ಗೊತ್ತಾಯಿತು: ಕೆಲವರ ಮನೆಯಲ್ಲಿ ಇರುವ ಒಂದೇ ಫೋನು ತಂದೆಯೊಡನೆ ಗೋವಾಕ್ಕೋ ಬೆಳಗಾವಿಯ ಉದ್ಯಮಬಾಗಕ್ಕೋ ಕೆಲಸಕ್ಕೆ ಹೋಗುತ್ತದೆ. ಕಾಡಂಚಿನ ಊರುಗಳಿಂದ ಬರುವವರಿಗೆ ಸಿಗ್ನಲ್ ಬೇಕೆಂದರೆ ದಿನ್ನೆ ಹತ್ತಬೇಕು. ಮಳೆಗಾಲದಲ್ಲಿ ವಿದ್ಯುತ್ತೂ ಹೋದರೆ ಫೋನ್ ಚಾರ್ಜ್ ಮಾಡುವುದೇ ಕಷ್ಟ. ಖಾನಾಪುರ ತಾಲ್ಲೂಕಿನ ಭೀಮಗಡ ಪ್ರದೇಶ 2011ರಲ್ಲಿ ವನ್ಯಜೀವಿಧಾಮವಾಯಿತು. ಅದರ ಒಳಗೂ ಅಂಚಿನಲ್ಲೂ ಇರುವ ಹಳ್ಳಿಗಳ ಮಕ್ಕಳಿಗೆ ಶಾಲೆ ತಲುಪುವುದೇ ಒಂದು ದಿನಚರಿ. ಹಿಂದವಾಡಿಯಲ್ಲಿ ಕುಳಿತು ವೈಫೈ ಹಾಕಿಕೊಂಡು ಯೋಜನೆ ಬರೆದ ನನಗೆ ಇದು ಲೆಕ್ಕದಲ್ಲೇ ಇರಲಿಲ್ಲ.

(ಆ) ಓದಲಾಗದ ಟಿಪ್ಪಣಿ. ತರಗತಿಯಲ್ಲಿ ದೃಷ್ಟಿ ಮಂದವಿರುವ ಒಬ್ಬ ಹುಡುಗ ಇದ್ದ. ಅಣ್ಣನ ಫೋನಿನಲ್ಲಿ ಟಾಕ್‌ಬ್ಯಾಕ್ ಹಾಕಿಕೊಂಡು ಕೇಳುವುದು ಅವನಿಗೆ ಅಭ್ಯಾಸವಿತ್ತು. ‘ಅಕ್ಕೋರ, ನಿಮ್ಮ ಪಿಡಿಎಫ್ ಏನೇನೋ ಓದತೈತ್ರಿ’ ಎಂದ. ಫೋಟೊದಲ್ಲಿರುವುದು ಅಕ್ಷರವಲ್ಲ, ಚಿತ್ರ. ಹಾಗಾಗಿ ತೆರೆವಾಚಕ ಅದನ್ನು ನೇರವಾಗಿ ಓದಲಾರದು. ಆದರೆ ಪಿಡಿಎಫ್‌ನಲ್ಲಿ ಕನ್ನಡ ಚೆನ್ನಾಗಿಯೇ ಕಾಣುತ್ತಿತ್ತಲ್ಲ? ಕಾರಣ ಅಕ್ಷರ ಸಂಕೇತದಲ್ಲಿತ್ತು. ನಾನು ಅದನ್ನು ನುಡಿಯ ಹಳೆಯ, ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಟೈಪ್ ಮಾಡಿದ್ದೆ. ಅಂಥ ಫಾಂಟಿನಲ್ಲಿ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತಗಳಿಗೆ ಕನ್ನಡದ ಆಕಾರ ತೊಡಿಸಿರುತ್ತಾರೆ. ಕಣ್ಣಿಗೆ ‘ಶಬ್ದ’ ಎಂದು ಕಂಡರೂ ಯಂತ್ರಕ್ಕೆ ಸಿಗುವುದು ಅರ್ಥವಿಲ್ಲದ ಚಿಹ್ನೆಗಳ ಸಾಲು. ಯೂನಿಕೋಡ್‌ನಲ್ಲಿ ಪ್ರತಿ ಕನ್ನಡ ಅಕ್ಷರಕ್ಕೂ ತನ್ನದೇ ಸಂಕೇತವಿರುವುದರಿಂದ ತೆರೆವಾಚಕ ಅದನ್ನು ಕನ್ನಡವಾಗಿಯೇ ಓದುತ್ತದೆ. ನಮ್ಮ ಶಾಲೆ ಕಾಲೇಜುಗಳಲ್ಲಿ ಎಷ್ಟೋ ಪ್ರಶ್ನೆಪತ್ರಿಕೆ, ಟಿಪ್ಪಣಿಗಳು ಇಂದಿಗೂ ಹಳೆಯ ಫಾಂಟಿನಲ್ಲೇ ತಯಾರಾಗುತ್ತಿವೆ.

(ಇ) ಭಾಷೆ. ಹಲವು ಮಕ್ಕಳ ಮನೆಮಾತು ಮರಾಠಿ. ಕೆಲವರು ಪ್ರಾಥಮಿಕ ಶಿಕ್ಷಣವನ್ನು ಮರಾಠಿ ಮಾಧ್ಯಮದಲ್ಲಿ ಮುಗಿಸಿ ಬಂದವರು. ‘ಶಬ್ದ ಎಂದರೇನು?’ ಎಂಬ ನನ್ನ ಪ್ರಶ್ನೆಗೆ ಒಬ್ಬ ಹುಡುಗಿ ‘ಅಕ್ಷರಗಳು ಸೇರಿ ಶಬ್ದ ಆಗುತ್ತದೆ’ ಎಂದು ಬರೆದಿದ್ದಳು. ನಾನು ತಪ್ಪು ಗುರುತು ಹಾಕಿದೆ. ಆಮೇಲೆ ಮಾರ್ಗದರ್ಶಕ ಶಿಕ್ಷಕಿ ವಿವರಿಸಿದರು: ಮರಾಠಿಯಲ್ಲಿ ‘ಶಬ್ದ’ ಎಂದರೆ ಪದ, ವಿಜ್ಞಾನದ ಈ ಪಾಠವನ್ನು ಅವರು ‘ಧ್ವನಿ’ ಎಂದು ಕಲಿಯುತ್ತಾರೆ. ಕನ್ನಡದಲ್ಲೂ ವ್ಯಾಕರಣದ ತರಗತಿಯಲ್ಲಿ ‘ಶಬ್ದ’ಕ್ಕೆ ಆ ಅರ್ಥ ಇದ್ದೇ ಇದೆ. ಹುಡುಗಿಯ ಉತ್ತರ ಬೇರೊಂದು ಪ್ರಶ್ನೆಗೆ ಸರಿಯಾಗಿತ್ತು. ಎಲ್ಲರಿಗೂ ಒಂದೇ ವಿಡಿಯೊ ಕಳಿಸಿದಾಗ ಇಂಥ ಗೊಂದಲ ಕಾಣುವುದೇ ಇಲ್ಲ.

(ಈ) ಖಾಸಗಿತನ. ಇದು ನಾಲ್ಕರಲ್ಲಿ ಅತಿ ಗಂಭೀರವಾದದ್ದು. ಒಂದು ಬೆಳಿಗ್ಗೆ ಒಬ್ಬ ವಿದ್ಯಾರ್ಥಿನಿಯ ತಾಯಿ ಶಾಲೆಗೆ ಬಂದರು. ‘ನಮ್ಮ ಮನಿ ನಂಬರ್ ಎಲ್ಲಾರಿಗೂ ಯಾಕ ಕೊಟ್ರಿ, ಅಕ್ಕೋರ? ರಾತ್ರಿ ಹತ್ತಕ್ಕ ಯಾರೋ ಫೋನ್ ಮಾಡಿ ಹುಡಿಗಿನ ಕೇಳತಾರ’ ಎಂದರು. ಗುಂಪಿನಲ್ಲಿದ್ದ ಯಾವುದೋ ಮನೆಯ ಫೋನಿನಿಂದ ನಂಬರು ಹೊರಗೆ ಹೋಗಿತ್ತು. ನಾನು ಮಕ್ಕಳ ಗುಂಪು ಮಾಡಿದ್ದೇನೆ ಎಂದುಕೊಂಡಿದ್ದೆ. ಆದರೆ ಫೋನು ಮಗುವಿನದ್ದಲ್ಲ, ಮನೆಯದ್ದು. ಅಣ್ಣ, ಚಿಕ್ಕಪ್ಪ, ಬಾಡಿಗೆಯವರು ಎಲ್ಲರೂ ನೋಡುವ ಫೋನುಗಳನ್ನು ಒಟ್ಟುಮಾಡಿ, ಪ್ರತಿಯೊಬ್ಬರ ನಂಬರನ್ನೂ ಎಲ್ಲರಿಗೂ ತೋರಿಸಿಬಿಟ್ಟಿದ್ದೆ. ಅದಕ್ಕೆ ಯಾರ ಒಪ್ಪಿಗೆಯನ್ನೂ ಕೇಳಿರಲಿಲ್ಲ.

ಮರುದಿನದಿಂದ ಹುಡುಗಿ ಶಾಲೆಗೆ ಬರಲಿಲ್ಲ. ನಾನು ಅಂದೇ ಗುಂಪನ್ನು ಅಳಿಸಿದೆ. ಆದರೆ ಹೊರಗೆ ಹೋದ ನಂಬರನ್ನು ಮರಳಿ ತರುವ ಯಾವ ಗುಂಡಿಯೂ ಇರಲಿಲ್ಲ. ಆರನೆಯ ದಿನ ಮಾರ್ಗದರ್ಶಕ ಶಿಕ್ಷಕಿಯೊಡನೆ ಅವರ ಮನೆಗೆ ಹೋಗಿ, ತಪ್ಪು ಹುಡುಗಿಯದ್ದಲ್ಲ, ನನ್ನದು ಎಂದು ಹೇಳಿದೆ. ತಾಯಿ ಚಹಾ ಕೊಟ್ಟರು, ಹೆಚ್ಚು ಮಾತಾಡಲಿಲ್ಲ. ಸೋಮವಾರ ಹುಡುಗಿ ಬಂದಳು.

4. ನೀತಿ ಮತ್ತು ಕಾನೂನು ಏನು ಹೇಳುತ್ತವೆ?

ಆ ಆರು ದಿನಗಳಲ್ಲಿ ನಾನು ಓದಿಕೊಂಡದ್ದನ್ನು ಸಹಪ್ರಶಿಕ್ಷಣಾರ್ಥಿಗಳಿಗಾಗಿ ಸಂಕ್ಷಿಪ್ತವಾಗಿ ಕೊಡುತ್ತೇನೆ.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪು ನೀಡಿತು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18 ವರ್ಷ ತುಂಬದವರೆಲ್ಲ ಮಕ್ಕಳು. ಅವರ ಮಾಹಿತಿಯನ್ನು ಬಳಸಲು ಪೋಷಕರ ಪರಿಶೀಲಿಸಬಹುದಾದ ಒಪ್ಪಿಗೆ ಬೇಕು ಎಂಬುದು ಅದರ ಸಾಮಾನ್ಯ ನಿಯಮ. ಮಕ್ಕಳ ಮಾಹಿತಿ ಎಷ್ಟು ಸುಲಭವಾಗಿ ಸೋರುತ್ತದೆ ಎಂಬುದಕ್ಕೆ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2022ರಲ್ಲಿ ಪ್ರಕಟಿಸಿದ ವರದಿ ಸಾಕ್ಷಿ. ಕೋವಿಡ್ ಕಾಲದಲ್ಲಿ 49 ದೇಶಗಳ ಸರ್ಕಾರಗಳು ಶಿಫಾರಸು ಮಾಡಿದ 160ಕ್ಕೂ ಹೆಚ್ಚು ಕಲಿಕಾ ತಂತ್ರಾಂಶಗಳನ್ನು ಅದು ಪರೀಕ್ಷಿಸಿತು. ಹತ್ತರಲ್ಲಿ ಸುಮಾರು ಒಂಬತ್ತು ತಂತ್ರಾಂಶಗಳು ಮಕ್ಕಳ ಹಕ್ಕಿಗೆ ಧಕ್ಕೆ ತರುವಂತೆ ಮಾಹಿತಿಯನ್ನು ನಿರ್ವಹಿಸುತ್ತಿದ್ದವು.

ಹಾಗಾದರೆ ಹುಡುಗಿಯರಿಂದ ಫೋನ್ ದೂರವಿಡುವುದೇ ಪರಿಹಾರವೇ? ಅಲ್ಲ. ಕೋಳಿಕ್ಕೋಡ್ ಜಿಲ್ಲೆಯ ಒಂದು ಕಾಲೇಜಿನ ಮಹಿಳಾ ಹಾಸ್ಟೆಲ್‌ನಲ್ಲಿ ಸಂಜೆಯ ಹೊತ್ತು ಫೋನ್ ಬಳಸಬಾರದೆಂಬ ನಿಯಮವನ್ನು ವಿದ್ಯಾರ್ಥಿನಿಯೊಬ್ಬರು ಪ್ರಶ್ನಿಸಿದರು. 2019ರ ಸೆಪ್ಟೆಂಬರ್‌ನಲ್ಲಿ ಕೇರಳ ಹೈಕೋರ್ಟ್, ಇಂಟರ್ನೆಟ್ ಬಳಸುವ ಹಕ್ಕು ಶಿಕ್ಷಣದ ಹಕ್ಕಿನ ಮತ್ತು ಖಾಸಗಿತನದ ಹಕ್ಕಿನ ಭಾಗ ಎಂದಿತು. ಇದು ಫಹೀಮಾ ಶಿರಿನ್ ಪ್ರಕರಣವೆಂದು ಹೆಸರಾಗಿದೆ. ಶಿಕ್ಷಕರು ಎಚ್ಚರ ತಪ್ಪಿದಾಗ ಅದರ ದಂಡವನ್ನು ಹೆಚ್ಚಾಗಿ ತೆರುವುದು ಹುಡುಗಿ: ಮೊದಲು ಫೋನ್ ಹೋಗುತ್ತದೆ, ಆಮೇಲೆ ಶಾಲೆಯೂ ಹೋಗಬಹುದು. ಖಾಸಗಿತನವನ್ನು ಕಾಪಾಡದೆ ಸಮಾನ ಅವಕಾಶ ಕೊಡಲಾಗದು ಎಂಬುದು ನನಗೆ ಇಲ್ಲಿ ತಿಳಿಯಿತು.

5. ಪರಿಷ್ಕರಿಸಿದ ಪಾಠ

ಅದೇ ಪಾಠಾಂಶವನ್ನು ಮತ್ತೆ ಯೋಜಿಸಿದೆ. ಈ ಬಾರಿ ಆರಂಭಿಸಿದ್ದು ಸಿಗ್ನಲ್ ಇಲ್ಲದ ಊರಿನ ಮಗುವಿನಿಂದ.

ತೊಡಗಿಸಿಕೊಳ್ಳುವಿಕೆ: ಕರಿಹಲಗೆಯ ಮೇಲೆ ‘ಶಬ್ದ’ ಎಂದು ಬರೆದು, ಮನೆಯಲ್ಲಿ ಇದಕ್ಕೆ ಏನೆನ್ನುತ್ತೀರಿ ಎಂದು ಕೇಳಿದೆ. ಸಪ್ಪಳ, ಸದ್ದು, ಆವಾಜ್, ಧ್ವನಿ ಎಲ್ಲವೂ ಬಂದವು. ಪ್ರತಿಧ್ವನಿ ಮಾತ್ರ ಎರಡೂ ಭಾಷೆಯಲ್ಲಿ ಪ್ರತಿಧ್ವನಿಯೇ ಎಂದು ಮಕ್ಕಳೇ ಕಂಡುಕೊಂಡರು. ಮೊದಲು ತಪ್ಪು ಗುರುತು ಹಾಕಿದ್ದ ಹುಡುಗಿಯ ವಹಿಯಲ್ಲಿ ಗುರುತನ್ನು ತಿದ್ದಿದೆ.

ಅನ್ವೇಷಣೆ: ಮೈದಾನದಲ್ಲಿ ಶಾಲೆಯ ಗೋಡೆಯಿಂದ ದೂರ ಹೋಗುತ್ತ ಚಪ್ಪಾಳೆ ತಟ್ಟಿದೆವು. ಎರಡು ಸದ್ದು ಬೇರೆಬೇರೆಯಾಗಿ ಕೇಳಬೇಕಾದರೆ ನಡುವೆ ಕನಿಷ್ಠ 0.1 ಸೆಕೆಂಡ್ ಅಂತರ ಬೇಕು. 22 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ 344 ಮೀಟರ್. ಹೋಗಿ ಬರುವ ದೂರ 34.4 ಮೀಟರ್ ಆದ್ದರಿಂದ ಗೋಡೆ ಕನಿಷ್ಠ 17.2 ಮೀಟರ್ ದೂರವಿರಬೇಕು. ದೃಷ್ಟಿ ಮಂದವಿರುವ ಹುಡುಗನೇ ಈ ಚಟುವಟಿಕೆಯ ತೀರ್ಪುಗಾರ. ಉಳಿದವರು ಇನ್ನೂ ವಾದಿಸುತ್ತಿರುವಾಗಲೇ ಪ್ರತಿಧ್ವನಿ ಬೇರೆಯಾದ ಜಾಗವನ್ನು ಅವನು ಹೇಳಿಬಿಡುತ್ತಿದ್ದ.

ತಿರುಗುವ ವಹಿ: ಗುಂಪಿನ ಬದಲು, ಬಸ್ಸಿನ ದಾರಿಗೊಂದರಂತೆ ನೂರು ಪುಟದ ವಹಿ ಕೊಟ್ಟೆ. ಊರಿನಲ್ಲಿ ಪ್ರತಿಧ್ವನಿ ಕೇಳುವ ಜಾಗ, ಅಂದಾಜು ಹೆಜ್ಜೆ, ಕೇಳಿದ ಹೊತ್ತು ಇವನ್ನು ಕನ್ನಡದಲ್ಲೋ ಮರಾಠಿಯಲ್ಲೋ ಬರೆದು ಮುಂದಿನವರಿಗೆ ಕೊಡಬೇಕು. ಫೋನ್ ಇರುವವರು ಬೇಕಾದರೆ ನನಗೊಬ್ಬಳಿಗೇ ಧ್ವನಿ ಸಂದೇಶ ಕಳಿಸಬಹುದು. ಅದನ್ನೂ ನಾನು ವಹಿಗೆ ಇಳಿಸುತ್ತಿದ್ದೆ. ಕಾಡಂಚಿನ ಊರಿನ ಮೂವರು ಮಕ್ಕಳು ಬರೆದ ಪುಟ ಇಡೀ ತರಗತಿಗೆ ಪಾಠವಾಯಿತು. ಹಳ್ಳದ ಆಚೆಯ ಗುಡ್ಡಕ್ಕೆ ಎದುರಾಗಿ ಕೂಗಿದರೆ, ಕೈಗಡಿಯಾರದಲ್ಲಿ ಎರಡು ಸೆಕೆಂಡ್ ಆದಮೇಲೆ ಕೂಗು ಮರಳುತ್ತದೆ ಎಂದು ಅವರು ಬರೆದಿದ್ದರು. ತರಗತಿಯವರೆಲ್ಲ ಸೇರಿ ಲೆಕ್ಕ ಹಾಕಿದರು: ಗುಡ್ಡ ಸುಮಾರು 344 ಮೀಟರ್ ದೂರ. ಮೊದಲ ಯೋಜನೆಯಲ್ಲಿ ಈ ಮೂವರ ಹೆಸರಿನ ಮುಂದೆ ‘ಸಲ್ಲಿಸಿಲ್ಲ’ ಎಂದು ಬರೆದಿದ್ದೆ.

ವಿಸ್ತರಣೆ: ಫೋನನ್ನು ಪೂರ್ತಿ ಬಿಡಲಿಲ್ಲ. ವಿಜಯಪುರದ ಗೋಲಗುಮ್ಮಟದಲ್ಲಿ ಒಂದು ಸದ್ದು ಹಲವು ಬಾರಿ ಮರಳುವುದನ್ನು ಖಾನಾಪುರದ ತರಗತಿಯಲ್ಲಿ ಕೇಳಿಸಲು ಬೇರೆ ದಾರಿ ಇಲ್ಲ. ಆ ವಿಡಿಯೊವನ್ನು ನನ್ನ ಫೋನಿಗೆ ಮೊದಲೇ ಇಳಿಸಿಕೊಂಡು, ಶಾಲೆಯ ಸ್ಪೀಕರಿಗೆ ಜೋಡಿಸಿ, ತರಗತಿಯಲ್ಲೇ ಎಲ್ಲರಿಗೂ ಒಟ್ಟಿಗೆ ಕೇಳಿಸಿದೆ.

ಟಿಪ್ಪಣಿ: ಯೂನಿಕೋಡ್‌ನಲ್ಲಿ ಟೈಪ್ ಮಾಡಿದ ಪಠ್ಯವನ್ನು ಪೋಷಕರ ಒಪ್ಪಿಗೆ ಪಡೆದು ಬ್ರಾಡ್‌ಕಾಸ್ಟ್ ಪಟ್ಟಿಯ ಮೂಲಕ ಕಳಿಸಿದೆ. ಇದರಲ್ಲಿ ಒಬ್ಬರ ನಂಬರು ಇನ್ನೊಬ್ಬರಿಗೆ ಕಾಣುವುದಿಲ್ಲ. ನಮ್ಮ ನಂಬರನ್ನು ಅವರು ಉಳಿಸಿಕೊಂಡಿದ್ದರೆ ಮಾತ್ರ ಸಂದೇಶ ತಲುಪುತ್ತದೆ ಎಂಬುದನ್ನು ಪೋಷಕರಿಗೆ ಮೊದಲೇ ತಿಳಿಸಬೇಕು. ಪಟ್ಟಿಯಲ್ಲಿ ಇಲ್ಲದವರಿಗೆ ಅದೇ ಟಿಪ್ಪಣಿಯ ಅಚ್ಚಾದ ಪ್ರತಿಯನ್ನು ಅದೇ ದಿನ ಕೊಟ್ಟೆ.

ಮಿತಿಗಳು: ವಹಿ ಒಂದು ಸುತ್ತು ಬರಲು ವಾರ ಹಿಡಿಯಿತು. ಒಂದು ವಹಿ ಮಳೆಯಲ್ಲಿ ನೆನೆಯಿತು. ಗೊತ್ತುಪಡಿಸಿದ್ದಕ್ಕಿಂತ ಎರಡು ಅವಧಿ ಹೆಚ್ಚು ಬೇಕಾಯಿತು. ಆ ಅವಧಿಗಳನ್ನು ಮಾರ್ಗದರ್ಶಕ ಶಿಕ್ಷಕಿ ತಮ್ಮ ಪಾಠದಿಂದ ಬಿಟ್ಟುಕೊಟ್ಟರು. ಎಲ್ಲ ಪಾಠಗಳಿಗೂ ಹೀಗೆ ಮಾಡಲು ಸಾಧ್ಯವಿಲ್ಲ.

6. ಪಾಠಯೋಜನೆಗೆ ನಾಲ್ಕು ಪ್ರಶ್ನೆಗಳು

ರಾಷ್ಟ್ರೀಯ ಶಿಕ್ಷಣ ನೀತಿ 2020ರ 24ನೇ ಭಾಗ ತಂತ್ರಜ್ಞಾನದ ಸಮಾನ ಬಳಕೆಯ ಬಗ್ಗೆಯೇ ಇದೆ. ಆದರೆ ನೀತಿ ಪುಸ್ತಕದಿಂದ ತರಗತಿಗೆ ಇಳಿಯಬೇಕಾದರೆ ಅದು ಪಾಠಯೋಜನೆಯ ಹಾಳೆಯಲ್ಲಿ ಜಾಗ ಪಡೆಯಬೇಕು. ನಮ್ಮ ನಮೂನೆಯಲ್ಲಿ ‘ಬೋಧನೋಪಕರಣಗಳು’ ಎಂಬ ಅಂಕಣವಿದೆ. ಅಲ್ಲಿ ನಾವು ‘ಮೊಬೈಲ್, ಪ್ರೊಜೆಕ್ಟರ್’ ಎಂದಷ್ಟೇ ಬರೆಯುತ್ತೇವೆ. ಅದರ ಕೆಳಗೆ ಈ ನಾಲ್ಕು ಪ್ರಶ್ನೆಗಳಿಗೆ ಒಂದೊಂದು ಸಾಲಿನ ಉತ್ತರ ಬರೆಯುವಂತಾಗಲಿ:

1. ಈ ಉಪಕರಣ ತಲುಪದ ಮಕ್ಕಳು ಯಾರು? ಅವರಿಗೆ ಅದೇ ದಿನ ಅದೇ ಕಲಿಕಾಂಶ ತಲುಪುವ ದಾರಿ ಯಾವುದು?

2. ನೋಡಲಾಗದ ಮಗು ಇದನ್ನು ಕೇಳಬಲ್ಲದೇ? ಕೇಳಲಾಗದ ಮಗು ಇದನ್ನು ಓದಬಲ್ಲದೇ? ಪಠ್ಯ ಯೂನಿಕೋಡ್‌ನಲ್ಲಿದೆಯೇ?

3. ಪಾಠದ ಮುಖ್ಯ ಪದಗಳಿಗೆ ಮಕ್ಕಳ ಮನೆಮಾತಿನಲ್ಲಿ ಬೇರೆ ಅರ್ಥವಿದೆಯೇ?

4. ಯಾರ ನಂಬರು, ಫೋಟೊ, ಧ್ವನಿ, ಅಂಕ ಯಾರಿಗೆ ಕಾಣುತ್ತದೆ? ಒಪ್ಪಿಗೆ ಕೊಟ್ಟವರು ಯಾರು? ಅಭ್ಯಾಸ ಬೋಧನೆ ಮುಗಿದ ಮೇಲೆ ಅದನ್ನು ಅಳಿಸುವವರು ಯಾರು?

ನಾಲ್ಕನೆಯದರ ಕೊನೆಯ ಭಾಗ ನಮಗೆ ವಿಶೇಷವಾಗಿ ಅನ್ವಯಿಸುತ್ತದೆ. ನಾವು ಕೆಲವು ವಾರ ಇದ್ದು ಹೋಗುವವರು. ನಾವು ಮಾಡಿದ ಗುಂಪು, ತೆಗೆದ ಫೋಟೊ, ಉಳಿಸಿಕೊಂಡ ನಂಬರು ನಮ್ಮ ಫೋನಿನಲ್ಲಿ ವರ್ಷಗಟ್ಟಲೆ ಉಳಿಯುತ್ತವೆ. ಇಂಟರ್ನ್‌ಶಿಪ್ ಕೊನೆಯ ದಿನ ಬೋಧನೋಪಕರಣಗಳನ್ನು ಹಿಂದಿರುಗಿಸಿ ಸಹಿ ಮಾಡಿಸುತ್ತೇವಲ್ಲ, ಹಾಗೆಯೇ ಮಕ್ಕಳ ಮಾಹಿತಿ ಅಳಿಸಿದ್ದಕ್ಕೂ ಒಂದು ಸಹಿ ಇರಲಿ ಎಂಬುದು ನನ್ನ ಸೂಚನೆ.

ಉಪಸಂಹಾರ

ಮೊದಲ ಪಾಠಕ್ಕೆ ನನಗೆ ಹೆಚ್ಚು ಅಂಕ ಬಂತು. ಎರಡನೆಯದನ್ನು ಯಾರೂ ವೀಕ್ಷಿಸಲಿಲ್ಲ, ಅದು ವೇಳಾಪಟ್ಟಿಯಲ್ಲಿಯೇ ಇರಲಿಲ್ಲ. ಇದನ್ನು ದೂರಾಗಿ ಹೇಳುತ್ತಿಲ್ಲ. ವೀಕ್ಷಣಾ ನಮೂನೆಯಲ್ಲಿ ‘ತಂತ್ರಜ್ಞಾನದ ಬಳಕೆ’ ಎಂಬ ಸಾಲು ಇದ್ದು, ‘ಯಾರು ಹೊರಗುಳಿದರು’ ಎಂಬ ಸಾಲು ಇಲ್ಲದಿದ್ದರೆ ಒಳ್ಳೆಯ ಮೇಲ್ವಿಚಾರಕರೂ ಅದನ್ನು ಗಮನಿಸುವುದು ಕಷ್ಟ.

ಇಂಟರ್ನ್‌ಶಿಪ್ ಮುಗಿಸಿ ಬರುವ ದಿನ ಆ ಹುಡುಗಿ ತನ್ನ ದಾರಿಯ ವಹಿಯನ್ನು ತಂದುಕೊಟ್ಟಳು. ಮನೆಯಲ್ಲಿ ಅವಳಿಗೆ ಇನ್ನೂ ಫೋನ್ ಕೊಡುವುದಿಲ್ಲ. ಬ್ರಾಡ್‌ಕಾಸ್ಟ್ ಪಟ್ಟಿಗೆ ಅವಳ ತಾಯಿ ಒಪ್ಪಿಗೆ ಕೊಟ್ಟಿಲ್ಲ. ಅಚ್ಚಾದ ಟಿಪ್ಪಣಿ ಸಾಕು ಎಂದಿದ್ದಾರೆ. ವಹಿಯನ್ನು ನಾನು ಹಿಂದವಾಡಿಗೆ ತರಲಿಲ್ಲ, ಶಾಲೆಯ ಪ್ರಯೋಗಾಲಯದಲ್ಲೇ ಇಟ್ಟು ಬಂದೆ. ಮುಂದಿನ ವರ್ಷ ಅಲ್ಲಿಗೆ ಹೋಗುವ ಪ್ರಶಿಕ್ಷಣಾರ್ಥಿ ಅದನ್ನು ತೆರೆದು ನೋಡಲಿ. ಅದರಲ್ಲಿ ಇನ್ನೂ ಖಾಲಿ ಪುಟಗಳಿವೆ.